ಅಂಗಳದಲ್ಲಿ ಸುಮ್ಮನೆ ಕೂರುತ್ತಿದ್ದ ಸಿಸ್ಟರ್

ಇಚಲಕರಂಜಿಯಲ್ಲಿ ನಾನು ಕಲಿಸುವ ಶಾಲೆಯ ಗೇಟಿನ ಮೇಲೆ ಇಂದು ಯಾರೋ ಒದ್ದೆ ಕಂಬಳಿ ಹರವಿದ್ದರು. ಆ ಉಣ್ಣೆಯ ವಾಸನೆಗೆ ಅಜ್ಜಿ ನೆನಪಾದಳು.

ಚಿಕ್ಕವಳಿದ್ದಾಗ ನಾನು ಗಡಹಿಂಗ್ಲಜದಲ್ಲಿ ಕ್ರೈಸ್ತ ಸಿಸ್ಟರುಗಳ ಹಾಸ್ಟೆಲಿನಲ್ಲಿದ್ದೆ. ಕುರಿ ಕಾಯುವ ನಮ್ಮಜ್ಜಿ ಒಂದು ದಿನ ಅಂಥದೇ ಕಂಬಳಿ ಹೊದ್ದು ನನ್ನನ್ನು ನೋಡಲು ಬಂದಳು. ಆಟದ ಹೊತ್ತು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಎಂದಿನಂತೆ ಅಂಗಳದಲ್ಲಿ ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ಪುಸ್ತಕವೂ ಇಲ್ಲ, ಜಪಮಾಲೆಯೂ ಇಲ್ಲ.

"ಈಕಿಗೆ ಕೆಲಸ ಇಲ್ಲೇನ? ಕಲಸೂದ ಬಿಟ್ಟ ಸುಮ್ನ ಕುಂತಾಳ. ನಡಿ, ಮನಿಗೆ ಹೋಗೂಣು," ಎಂದವಳೇ ಅಜ್ಜಿ ಜಗಲಿಯ ಮೇಲಿದ್ದ ನನ್ನ ಟ್ರಂಕು ಎತ್ತಿಕೊಂಡಳು.

ಅಷ್ಟರಲ್ಲಿ ಸಿಸ್ಟರ್ ಎದ್ದು, ಗೋಡೆಯ ಬಳಿ ಒಬ್ಬಳೇ ನಿಂತಿದ್ದ ಹೊಸ ಹುಡುಗಿಯ ಪಕ್ಕ ಹೋಗಿ ಕೂತರು. ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಹುಡುಗಿಯೂ ಕೂತು, ತಾನಾಗಿಯೇ ಮಾತಾಡತೊಡಗಿದಳು.

ಅಜ್ಜಿ ಟ್ರಂಕು ಕೆಳಗಿಟ್ಟಳು. "ಹಿಂಡ ಬಿಟ್ಟ ಮರೀನ ಕರದ್ರ ಬರೂದಿಲ್ಲ, ಬಾಜೂಕ ಹೋಗಿ ಕುಂಡರಬೇಕ. ಈಕಿಗೆ ಗೊತ್ತೈತಿ. ನೀ ಇಲ್ಲೇ ಇರು."

ಇಂದು ಬಿಡುವಿನಲ್ಲಿ ಮಕ್ಕಳ ನಡುವೆ ಕೂತಿದ್ದ ನನ್ನನ್ನು ಪಾಲಕರೊಬ್ಬರು ಕೇಳಿದರು, "ಮ್ಯಾಡಮ್, ಸುಮ್ನ ಕುಂತೀರಲ್ರಿ?"

"ಇಲ್ರಿ, ಕೆಲಸ ಮಾಡಾಕತ್ತೇನಿ," ಎಂದೆ.