ಎಡಗಣ್ಣು, ಬಲಮಿದುಳು ಮತ್ತು ನಾನು

ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡೇ ಓಡಾಡಬೇಕೆಂದು ಕಟ್ಟಪ್ಪಣೆಯಾದಾಗ ಕೊಂಡಾಪುರದ ನಮ್ಮ ಕಚೇರಿಯಲ್ಲಿ ಎಲ್ಲರೂ ಗೊಣಗಿದರು, ಹಿಗ್ಗಿದವನು ನಾನೊಬ್ಬನೇ. ಮುಖ ನೋಡಿ ಜನರನ್ನು ಗುರುತಿಸುವ ವಿದ್ಯೆ ನನಗೆ ಒಲಿದಿಲ್ಲ, ಗೆಳೆಯರೇ. ಮೀಸೆ ಬೋಳಿಸಿಕೊಂಡು ಬಂದ ಮ್ಯಾನೇಜರರನ್ನು ಹೊಸಬರೆಂದು ಬಗೆದು, ನಮ್ಮ ಮ್ಯಾನೇಜರ್ ಮಹಾ ಕೋಪಿಷ್ಠ, ಹುಷಾರಾಗಿರಿ ಎಂದು ಲಿಫ್ಟಿನಲ್ಲಿ ಅವರಿಗೇ ಬುದ್ಧಿ ಹೇಳಿದ ಧೀರ ನಾನು. ಊರಿಗೆಲ್ಲ ಬಡ್ತಿ ಸಿಕ್ಕ ಆ ವರ್ಷ ನನಗೆ ಸಿಗಲಿಲ್ಲ. ಪರಿಚಿತರು ಎದುರಾದರೂ ಮಾತಾಡಿಸದೆ ದಾಟಿ ಹೋಗುತ್ತಿದ್ದೆ; ಇದನ್ನೆಲ್ಲ ಮರೆವೆಂದು ನಾನೂ ಸೊಕ್ಕೆಂದು ಲೋಕವೂ ತಿಳಿದಿದ್ದೆವು.

ಮಗಳು ಹುಟ್ಟಿ ತಿಂಗಳಾಗುವಷ್ಟರಲ್ಲಿ ಅವಳ ಎಡಗಣ್ಣಿನ ಪಾಪೆಯಲ್ಲಿ ಬಿಳಿ ಪೊರೆ ಕಂಡಿತು. ನನ್ನದೇ ಬಳುವಳಿ. ನನಗೂ ಹುಟ್ಟಿನಿಂದಲೇ ಅದೇ ಕಣ್ಣಿನಲ್ಲಿ ಪೊರೆಯಿತ್ತು; ಎರಡು ವರ್ಷ ತುಂಬಿದ ಮೇಲೆ ತೆಗೆಸಿದ್ದರು. ಡಾಕ್ಟರಮ್ಮ ತಾಳ್ಮೆಯಿಂದ ವಿವರಿಸಿದರು: ಎಳೆಗೂಸಿನ ಎಡಗಣ್ಣು ಕಂಡದ್ದು ಬಹುಪಾಲು ಮಿದುಳಿನ ಬಲಭಾಗಕ್ಕೆ ಹೋಗುತ್ತದೆ, ಮುಖಗಳನ್ನು ಗುರುತಿಸಲು ಹೆಚ್ಚಾಗಿ ಕಲಿಯುವುದೂ ಆ ಭಾಗವೇ, ಮೊದಲ ತಿಂಗಳುಗಳಲ್ಲಿ ಅದಕ್ಕೆ ನೋಟ ಮುಟ್ಟದಿದ್ದರೆ, ಮುಂದೆ ಕಣ್ಣು ತೆರೆದರೂ ಆ ಪಾಠ ಪೂರ್ತಿ ಕೈಗೂಡದು. ಇಷ್ಟು ವರ್ಷ ಹೊತ್ತು ತಿರುಗಿದ ಸೊಕ್ಕಿನ ಬಿರುದು ನನ್ನ ಹೆಗಲಿಂದ ಕಳಚಿ ಬಿತ್ತು.

ಬಾಣಂತಿಯನ್ನು ನೋಡಿಕೊಳ್ಳಲು ಕಲಬುರಗಿಯಿಂದ ಬಂದಿದ್ದ ಅವ್ವ ಮಾತ್ರ ಕೂಡಲೇ ಪೊರೆ ತೆಗೆಸಲು ಒಪ್ಪಲಿಲ್ಲ.

"ಹಸುಗೂಸಿಗೆ ಆಪರೇಷನ್ ಏನೋ! ವರ್ಷ ತುಂಬಲಿ. ನಿನಗ ತಡಾ ಮಾಡಿ ಮಾಡಿಸಿದ್ವಿ, ಏನ್ ಕಮ್ಮಿ ಆಗೈತಿ? ಇಂಜಿನಿಯರ್ ಆಗಿಲ್ಲೇನು?"

ಬಚ್ಚಿಟ್ಟಿದ್ದನ್ನು ಹೇಳಲೇಬೇಕಾಯಿತು. "ಅವ್ವಾ, ನಾಂಪಲ್ಲಿ ಸ್ಟೇಷನ್‌ನ್ಯಾಗ ನಿನ್ನ ಕರಕೊಳ್ಳಾಕ ಬಂದು, ಬ್ಯಾರೆ ಮುದುಕಿ ಚೀಲ ಇಸ್ಕೊಂಡು ಹೊಂಟಿದ್ದೆನಲ್ಲ, ಅದು ಚ್ಯಾಷ್ಟಿ ಅಲ್ಲ. ನೀ ಹೊಸಾ ಸೀರಿ ಉಟ್ಟಿದ್ದಿ. ಮಾರಿ ನೋಡಿದ್ರ ನಿನ್ನ ಗುರ್ತ ಸಿಗಂಗಿಲ್ಲ ನನಗ. ನೀ ಕೂಗಿದ ಮ್ಯಾಲೇ ಗೊತ್ತಾತು."

ನಗುತ್ತಾಳೆಂದುಕೊಂಡಿದ್ದೆ. ಅವ್ವ ತೊಡೆಯ ಮೇಲಿದ್ದ ಕೂಸನ್ನೇ ನೋಡುತ್ತ ಕೂತವಳು, "ನಾಳೇನ ಮಾಡಸು" ಎಂದಳು.

ಪೊರೆ ತೆಗೆದರು. ಆಮೇಲೆ ಆ ಕಣ್ಣಿಗೆ ಲೆನ್ಸು ಹಾಕುವುದು, ಅದು ನೋಡಲು ಕಲಿಯಲೆಂದು ಚೆನ್ನಾಗಿರುವ ಕಣ್ಣಿಗೆ ಪಟ್ಟಿ ಅಂಟಿಸುವುದು, ಮಗಳು ಅದನ್ನು ಕಿತ್ತು ನನ್ನ ಮುಖಕ್ಕೇ ಎಸೆಯುವುದು, ವರ್ಷಗಟ್ಟಲೆ ನಡೆಯಿತು. ಎಡಗಣ್ಣಿನ ನೋಟ ಇಂದಿಗೂ ಸ್ವಲ್ಪ ಮಂಜೇ.

ಈಗವಳಿಗೆ ನಾಲ್ಕು ವರ್ಷ. ಮೊನ್ನೆ ಶಿಶುವಿಹಾರದ ಗೇಟಿನಲ್ಲಿ ಒಂದೇ ಸಮವಸ್ತ್ರದ ಮಕ್ಕಳು ಒಟ್ಟಿಗೆ ಹೊರಬಿದ್ದರು. ನಾನು ಎರಡು ಜಡೆಯನ್ನು ನಂಬಿ ಒಬ್ಬಳ ಕೈ ಹಿಡಿದು ಹೊರಟೆ. ಹಿಂದಿನಿಂದ ಯಾರೋ ಅಂಗಿ ಜಗ್ಗಿದರು.

"ಅಪ್ಪಾ, ಅಕಿ ಶ್ರಾವಣಿ. ನೀ ಹುಡುಕಬ್ಯಾಡ, ಸುಮ್ನ ನಿಂತಿರು. ನಾನ ಬರ್ತೀನಿ."