ಅಪ್ಪ ಕೆಮ್ಮದ ಭಾನುವಾರಗಳು

ಕೀನ್ಯಾದಲ್ಲಿ ನಾನಿದ್ದ ತೋಟ ಒಂದು ದೊಡ್ಡ ಸರೋವರದ ಪಕ್ಕದಲ್ಲಿತ್ತು. ಬೆಳಗ್ಗೆ ಆರೂವರೆಗೆ ನೀರಿನ ಮೇಲಿಂದ ಮಂಜು ಏಳುತ್ತಿತ್ತು. ಮೊದಲು ಪಾಲಿಹೌಸುಗಳ ಬುಡ ಮುಚ್ಚಿಹೋಗುತ್ತಿತ್ತು, ಆಮೇಲೆ ಬಾಗಿಲು. ಕೊನೆಗೆ ಬಿಳಿ ಛಾವಣಿಗಳಷ್ಟೇ ದೋಣಿಗಳ ಹಾಗೆ ತೇಲುತ್ತಾ ಉಳಿಯುತ್ತಿದ್ದವು. ನರ್ಸರಿಯ ಹಿಂದೆ ಒಂದು ಜಾಲಿ ಮರ. ಅದರ ಕೆಳಗೆ ನಿಂತು ದಿನದ ಮೊದಲ ಸಿಗರೇಟು ಹಚ್ಚಿದರೆ, ನನ್ನ ಬಾಯಿಂದ ಹೋದ ಹೊಗೆ ಯಾವುದು, ನೀರಿಂದ ಬಂದ ಮಂಜು ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ಎರಡೂ ಸೇರಿ ನನ್ನನ್ನು ಮುಚ್ಚಿಬಿಡುತ್ತಿದ್ದವು. ಆ ಐದು ನಿಮಿಷ ನಾನು ಯಾರ ಮಗನೂ ಅಲ್ಲ, ಯಾವ ಊರಿನವನೂ ಅಲ್ಲ.

ಈಗ ಮಾಕಳಿದುರ್ಗದ ಬೆಟ್ಟ ಕಾಣುವ ನಮ್ಮ ಮನೆ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಸಿಗರೇಟು ಬಿಟ್ಟು ನಾಲ್ಕು ವರ್ಷವಾಯಿತು. ಹೇಗೆ ಬಿಟ್ಟೆ ಅಂತ ಜನ ಕೇಳುತ್ತಾರೆ. ಒಂದೇ ಮಾತಿನಲ್ಲಿ ಹೇಳಲು ನನಗೆ ಬರುವುದಿಲ್ಲ.

ನಮ್ಮ ಕಡೆ ಸೇದುವುದಕ್ಕೂ ಒಂದು ಕಟ್ಟುಪಾಡಿದೆ. ಹಿರಿಯರ ಎದುರಿಗೆ ಸೇದಬಾರದು. ಇದು ಎಲ್ಲರಿಗೂ ಗೊತ್ತು. ಆದರೆ ಹಿರಿಯರ ಪಾಲಿಗೂ ಒಂದು ಕೆಲಸವಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಗೋಡೆ ತಿರುವಿನಲ್ಲಿ ಹುಡುಗರು ನಿಂತಿದ್ದಾರೆ ಅಂತ ಗೊತ್ತಾದರೆ ತಾವು ತಿರುಗುವ ಮೊದಲೇ ಜೋರಾಗಿ ಕೆಮ್ಮಬೇಕು. ಆ ಕೆಮ್ಮಿಗೂ ಅವರ ಮುಖ ಕಾಣುವುದಕ್ಕೂ ನಡುವೆ ಒಂದು ಸಿಗರೇಟು ಚಪ್ಪಲಿ ಕೆಳಗೆ ಸಾಯುವಷ್ಟು ಹೊತ್ತಿರುತ್ತದೆ. ನನ್ನಪ್ಪ ಈ ಕೆಲಸವನ್ನು ಬಹಳ ಚೆನ್ನಾಗಿ ಮಾಡುತ್ತಿದ್ದ. ದ್ರಾಕ್ಷಿ ಚಪ್ಪರದಿಂದ ಮನೆಗೆ ಬರುವಾಗ, ಹುಣಿಸೆಮರದ ಹತ್ತಿರ ಒಂದು ಸಲ, ಕಟ್ಟೆಯ ಹತ್ತಿರ ಇನ್ನೊಂದು ಸಲ. ನಾವು ಕೈ ಬೀಸಿ ಹೊಗೆ ಚದುರಿಸಿ, ಮೊಬೈಲು ನೋಡುವವರ ಹಾಗೆ ನಿಲ್ಲುತ್ತಿದ್ದೆವು. ಅಪ್ಪ ಆಕಾಶ ನೋಡಿಕೊಂಡು ಹೋಗುತ್ತಿದ್ದ.

ಅಪ್ಪ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ನಾನು ತೋಟಗಾರಿಕೆಯಲ್ಲಿ ಬಿ.ಎಸ್ಸಿ. ಮಾಡಿದವನು. ನಮ್ಮ ವಂಶದಲ್ಲಿ ಕಪ್ಪು ಗೌನು ಹಾಕಿಕೊಂಡು ಫೋಟೊ ತೆಗೆಸಿಕೊಂಡ ಮೊದಲನೆಯವನು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಡಿಗ್ರಿ ಮುಗಿದ ಮೇಲೂ ಒಂದು ವರ್ಷ ದಾಬಸ್‌ಪೇಟೆಯ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಎತ್ತಿದ್ದೇನೆ. ಸಿಗರೇಟು ಕಲಿತದ್ದು ಅಲ್ಲೇ, ಹೈವೇ ಪಕ್ಕದ ಟೀ ಅಂಗಡಿಯಲ್ಲಿ. ಆಮೇಲೆ ಕೀನ್ಯಾದ ಕೆಲಸ ಸಿಕ್ಕಿತು. ದಪ್ಪ ಮೆಣಸಿನಕಾಯಿ, ಟೊಮೆಟೊ ಸಸಿಗಳ ನರ್ಸರಿಗೆ ಉಸ್ತುವಾರಿ. ನಾನು ಓದಿದ್ದಕ್ಕೂ ನಾನು ಮಾಡುವ ಕೆಲಸಕ್ಕೂ ಮೊದಲ ಸಲ ಸಂಬಂಧ ಬಂದಿತ್ತು. ಬೀಜ ನನ್ನ ಕೈಯಿಂದ ಟ್ರೇಗೆ ಬೀಳುತ್ತಿತ್ತು. ಟ್ರೇಯ ಚೀಟಿಯಲ್ಲಿ ಬಿತ್ತಿದವರು ಅನ್ನುವ ಕಡೆ ನನ್ನ ಹೆಸರಿರುತ್ತಿತ್ತು.

ಆದರೆ ಅಲ್ಲಿ ಕೆಮ್ಮುವವರು ಯಾರೂ ಇರಲಿಲ್ಲ. ಊರಲ್ಲಿ ಪ್ರತಿ ತಿರುವಿಗೂ ಒಬ್ಬ ಚಿಕ್ಕಪ್ಪ, ಪ್ರತಿ ಅಂಗಡಿಗೂ ಒಬ್ಬ ಮಾವ. ಅವರೆಲ್ಲರಿಂದ ತಪ್ಪಿಸಿಕೊಂಡು ದಿನಕ್ಕೆ ನಾಲ್ಕು ಸೇದಿದರೆ ಅದೇ ಹೆಚ್ಚು. ಅಲ್ಲಿ ಆಕಾಶವಿತ್ತು, ನೀರಿತ್ತು, ನೀರಿನ ಅಂಚಿನಲ್ಲಿ ಗುಲಾಬಿ ಬಣ್ಣದ ಹಕ್ಕಿಗಳು ನಿದ್ದೆಯಲ್ಲಿ ನಡೆಯುವವರ ಹಾಗೆ ಕಾಲೆತ್ತಿ ಇಡುತ್ತಿದ್ದವು. ನಾನು ನೋಡುತ್ತಾ ಸೇದುತ್ತಿದ್ದೆ. ನಾಲ್ಕು ಹತ್ತಾಯಿತು, ಹತ್ತು ಇಪ್ಪತ್ತಾಯಿತು.

ಒಂದು ದಿನ ಮೂರು ಟ್ರೇ ಸಸಿಗಳ ಎಲೆಯಲ್ಲಿ ಮಚ್ಚೆ ಕಂಡಿತು. ಕಡು ಹಸಿರು, ತಿಳಿ ಹಸಿರು, ಮತ್ತೆ ಕಡು ಹಸಿರು. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ತಂಬಾಕಿನ ಗಿಡಕ್ಕೆ ಬರುವ ನಂಜಾಣು ಸಿಗರೇಟಿನ ಪುಡಿಯಲ್ಲೂ ಬದುಕಿರಬಹುದು. ಸೇದಿದವರ ಬೆರಳಿನಿಂದ ಟೊಮೆಟೊಗೆ, ಮೆಣಸಿನಕಾಯಿಗೆ ಹತ್ತುತ್ತದೆ. ಗೊತ್ತಿದ್ದೂ, ಕೈ ತೊಳೆದರೆ ಸಾಕು ಅಂದುಕೊಂಡಿದ್ದೆ. ಎಷ್ಟೋ ಬೆಳಗ್ಗೆ ಸರಿಯಾಗಿ ತೊಳೆದೂ ಇರಲಿಲ್ಲ.

ಮ್ಯಾನೇಜರ್ ಆ ದೇಶದವರೇ, ಐವತ್ತು ದಾಟಿದ ಹೆಂಗಸು. ಟ್ರೇಗಳನ್ನು ಸುಡಿಸಿದರು. ಆಮೇಲೆ ನನ್ನ ಬಲಗೈ ಹಿಡಿದು ಬೆರಳು ಮೂಸಿದರು. ಇಂಗ್ಲಿಷಿನಲ್ಲಿ, ನಿಧಾನವಾಗಿ ಹೇಳಿದರು:

"ಎಂಟು ವಾರಕ್ಕೆ ಮುಂದಿನ ಬೀಜ ಬರುತ್ತೆ. ಅಲ್ಲಿ ತನಕ ನೀನು ಪ್ಯಾಕಿಂಗ್ ಶೆಡ್ಡಿನಲ್ಲಿರು. ಬಿಟ್ಟಿದ್ದರೆ ನರ್ಸರಿ ನಿನ್ನದು. ಬಿಡದಿದ್ದರೆ ಶೆಡ್ಡೇ ನಿನ್ನದು."

"ಬಿಟ್ಟಿದ್ದೀನಿ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?"

"ನಿನ್ನನ್ನೇ ಕೇಳ್ತೀನಿ," ಅಂದರು.

ಮತ್ತೆ ರಟ್ಟಿನ ಪೆಟ್ಟಿಗೆ. ಡಿಗ್ರಿ ಮಾಡಿ, ಕಡಲು ದಾಟಿ, ನಾನು ದಾಬಸ್‌ಪೇಟೆಗೇ ವಾಪಸ್ಸು ಬಂದಿದ್ದೆ. ಪೆಟ್ಟಿಗೆಗೆ ಟೇಪು ಎಳೆಯುವಾಗ ಆ ಸದ್ದು ನನ್ನನ್ನು ಅಣಕಿಸಿದ ಹಾಗಿರುತ್ತಿತ್ತು.

ಬಿಡಲು ನೋಡಿದೆ. ಔಷಧಿ ಅಂಗಡಿಯಿಂದ ನಿಕೋಟಿನ್ ಚೂಯಿಂಗ್ ಗಮ್ ತಂದೆ; ಕಾಳುಮೆಣಸು ಅಗಿದ ಹಾಗಿತ್ತು, ಬಿಕ್ಕಳಿಕೆ ಬಂತು. ಪ್ಯಾಕೆಟ್ಟು ನೀರಲ್ಲಿ ಅದ್ದಿ ಎಸೆದೆ. ಸಂಜೆಗೆ ಹೊಸದು ತಂದೆ. ಎಡಗೈಯಲ್ಲಿ ಸೇದಿದರೆ ರುಚಿ ಕಡಿಮೆಯಾಗಬಹುದು ಅಂತ ಯಾರೋ ಹೇಳಿದ್ದರು. ಎಡಗೈಗೂ ಚಟ ಹತ್ತಿತು.

ಆಗ ನನಗೊಂದು ಬುದ್ಧಿ ಹೊಳೆಯಿತು. ನನಗೆ ಬೇಕಾಗಿರುವುದು ಔಷಧಿಯಲ್ಲ, ಒಬ್ಬ ಹಿರಿಯ. ಶೆಡ್ಡಿನ ಗೇಟಿನಲ್ಲಿ ಒಬ್ಬ ಮುದುಕ ಕಾವಲುಗಾರನಿದ್ದ. ಎತ್ತರದ ಮನುಷ್ಯ, ಚಳಿಗೆ ಎರಡು ಕೋಟು ಹಾಕಿಕೊಳ್ಳುತ್ತಿದ್ದ. ಅವನನ್ನು ನಾನು ದೊಡ್ಡಪ್ಪ ಅಂತ ಕರೆಯಲು ಶುರುಮಾಡಿದೆ. ಕರೆದ ಮೇಲೆ ಅವನ ಮುಂದೆ ಸೇದಲು ನನ್ನಿಂದ ಆಗುವುದಿಲ್ಲ, ಅಷ್ಟು ಮಾತ್ರ ನನಗೆ ನನ್ನ ಬಗ್ಗೆ ಗೊತ್ತಿತ್ತು. ಅವನಿಗೂ ಹೆಸರು ಹಿಡಿಸಿತು. "ದೋಡಪಾ, ದೋಡಪಾ" ಅಂತ ಹೇಳಿಕೊಂಡು ನಗುತ್ತಿದ್ದ.

ಎರಡು ದಿನ ಕೆಲಸ ಮಾಡಿತು. ಮೂರನೇ ದಿನ ಗೋಡೆ ಪಕ್ಕ ಅರ್ಧ ಸೇದಿದ್ದೆ, ಅವನು ಬಂದುಬಿಟ್ಟ. ಕೆಮ್ಮಲಿಲ್ಲ ಏನಿಲ್ಲ, ನೇರ ಬಂದು ನಿಂತ. ನಾನು ಗಾಬರಿಯಲ್ಲಿ ಸಿಗರೇಟನ್ನು ಬೆನ್ನ ಹಿಂದೆ ಬಿಸಾಡಿದೆ. ಅವನು ನನ್ನನ್ನು ನೋಡಿದ, ನೆಲ ನೋಡಿದ, ಬಗ್ಗಿ ಅದನ್ನು ಎತ್ತಿಕೊಂಡ, ಕೋಟಿನ ತೋಳಿಗೆ ಒರೆಸಿದ, ನನ್ನ ಕೈಗೇ ಕೊಟ್ಟ.

"ಮಗನೇ, ಇನ್ನೂ ಅರ್ಧ ಇದೆ. ಯಾಕೆ ಬಿಸಾಕಿದೆ?" ಅಂದ ತನ್ನ ಮುರುಕು ಇಂಗ್ಲಿಷಿನಲ್ಲಿ. ಆರಿಹೋಗಿದೆ ಅಂತ ಬೆಂಕಿಪೊಟ್ಟಣವನ್ನೂ ತೆಗೆದ. ಹಿರಿಯರು ಕೊಟ್ಟದ್ದನ್ನು ಬೇಡ ಅನ್ನಬಾರದು ಅನ್ನುವುದೂ ನಮ್ಮ ಕಟ್ಟುಪಾಡೇ. ಅವನ ಎದುರಿಗೇ, ಕಿವಿ ಬಿಸಿ ಮಾಡಿಕೊಂಡು, ಅದನ್ನು ಸೇದಿ ಮುಗಿಸಿದೆ. ಹಿರಿಯನನ್ನು ಮಾಡಿಕೊಳ್ಳುವ ಉತ್ಸಾಹದಲ್ಲಿ, ಹಿರಿಯನ ಕೆಲಸ ಏನು ಅಂತ ಅವನಿಗೆ ಕಲಿಸುವುದನ್ನೇ ಮರೆತಿದ್ದೆ.

ಹೀಗೆ ಮೂರು ವಾರ ಹೋಯಿತು. ಭಾನುವಾರ ಬೆಳಗ್ಗೆ ಅಪ್ಪ ಫೋನು ಮಾಡುತ್ತಿದ್ದ. ಅಲ್ಲಿ ನಮಗೆ ಏಳು ಗಂಟೆ, ಇಲ್ಲಿ ಒಂಬತ್ತೂವರೆ. ತೋಟಕ್ಕೆ ನೀರು ಬಿಟ್ಟು ಬಂದು, ಜಗಲಿಯಲ್ಲಿ ಕೂತು ಮಾಡುತ್ತಿದ್ದ. ಆ ಭಾನುವಾರವೂ ಮಾಡಿದ. ನಾನು ಜಾಲಿ ಮರದ ಕೆಳಗಿದ್ದೆ. ಫೋನು ಎತ್ತಿದೆ. ಆ ಕಡೆಯಿಂದ ಎಂದಿನ ಹಾಗೆ ಮೊದಲು ಕೆಮ್ಮು ಬಂತು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ, "ಉಂಡ್ಯೇನಪ್ಪಾ?"

ಆ ಒಂದು ಗಳಿಗೆಯಲ್ಲಿ ನಾನು ಸಿಗರೇಟನ್ನು ನೆಲಕ್ಕೆ ಹಾಕಿ ಚಪ್ಪಲಿಯಿಂದ ತುಳಿದಿದ್ದೆ. ತುಳಿದ ಮೇಲೆ ಗೊತ್ತಾಯಿತು ತುಳಿದೆ ಅಂತ. ಮಂಜಿನಲ್ಲಿ ಸರೋವರ ಇರಲಿಲ್ಲ, ತೋಟ ಇರಲಿಲ್ಲ. ಹುಣಿಸೆಮರದ ತಿರುವು ಮಾತ್ರ ಇತ್ತು. ಎರಡು ವರ್ಷದಿಂದ ಪ್ರತಿ ಭಾನುವಾರ ಅಪ್ಪ ಕೆಮ್ಮಿಯೇ ಮಾತು ಶುರುಮಾಡುತ್ತಿದ್ದ. ಅವನೂ ಬೀಡಿ ಸೇದುವವನೇ, ಅದರ ಕೆಮ್ಮು ಅಂದುಕೊಂಡಿದ್ದೆ. ಅಲ್ಲ. ಅವನು ತಿರುವಿನಲ್ಲಿ ನಿಂತು ನನಗೆ ಹೊತ್ತು ಕೊಡುತ್ತಿದ್ದ. ಅಷ್ಟು ದೂರದಿಂದ, ನನ್ನ ಕೈಯಲ್ಲಿ ಏನಿದೆ ಅಂತ ಕಾಣದಿದ್ದರೂ.

"ಅಪ್ಪಾ," ಅಂದೆ. "ನಾನು ಸಿಗರೇಟ್ ಸೇದ್ತೀನಿ."

ನಮ್ಮೂರಿನಲ್ಲಿ ಮಗನೊಬ್ಬ ಅಪ್ಪನಿಗೆ ಹೀಗೆ ಹೇಳಿದ್ದನ್ನು ನಾನು ಕೇಳಿಲ್ಲ. ಆ ಕಡೆ ಬಕೆಟ್ಟಿನ ಸದ್ದು, ದೂರದಲ್ಲಿ ಅವ್ವ ಯಾರನ್ನೋ ಬೈಯುವ ಸದ್ದು.

"ಗೊತ್ತು ಕಣ್ಲಾ," ಅಂದ ಅಪ್ಪ. "ಎಷ್ಟ್ ಸೇದ್ತೀಯ?"

"ಇಪ್ಪತ್ತು."

"ಥೂ ನಿನ್ನ! ನನ್ನೂ ಮೀರಿಸ್ಬಿಟ್ಯಲ್ಲೋ."

"ಯಾವಾಗಿಂದ ಗೊತ್ತು ನಿಂಗೆ?"

"ದಾಬಸ್‌ಪೇಟೆಗೆ ಹೋಗ್ತಿದ್ಯಲ್ಲ, ಆವಾಗಿಂದ. ಅಂಗಿ ಒಗೆಯೋಳು ನಿಮ್ಮವ್ವ. ಅವ್ಳಿಗ್ ಮೂಗಿಲ್ವಾ?"

"ಮತ್ಯಾಕೆ ಬೈಲಿಲ್ಲ?"

"ಬೈಯಾನ ಅಂದ್ರೆ ನನ್ ಬಾಯಲ್ಲಿ ಬೀಡಿ ಇರ್ತಿತ್ತಲ್ಲಪ್ಪ."

ನನಗೆ ನಗು ಬಂತು. ಟ್ರೇ ಸುಟ್ಟಿದ್ದು, ಶೆಡ್ಡು, ಮ್ಯಾನೇಜರ್ ಹೇಳಿದ್ದು, ಎಲ್ಲ ಹೇಳಿದೆ. ಕೇಳಿಕೊಂಡ.

"ಹೆಂಗ್ ಬಿಡೋದಪ್ಪಾ?" ಅಂದೆ.

"ನಂಗ್ ಗೊತ್ತಿದ್ರೆ ನಾನ್ ಬಿಡ್ತಿರ್ಲಿಲ್ವಾ? ಓದ್ದೋನು ನೀನು. ಪಹಣಿಯಿಂದ ಹಿಡ್ದು ಔಷ್ದಿ ಡಬ್ಬಿ ತನ್ಕ ಎಲ್ಲಾ ನೀನೇ ಓದಿ ಹೇಳ್ದೆ. ಇದ್ನೂ ಓದ್ಕೊಂಡು ನಂಗ್ ಹೇಳು." ಆಮೇಲೆ ಅಂದ, "ಇನ್ಮೇಲೆ ನಾನ್ ಕೆಮ್ಮಲ್ಲ ಕಣ್ಲಾ."

ಆ ಮಾತಿನ ಭಾರ ನನಗೆ ಪೂರ್ತಿ ತಿಳಿದದ್ದು ಮುಂದಿನ ಭಾನುವಾರ. ಫೋನು ಎತ್ತಿದ ಕೂಡಲೇ, ಕೆಮ್ಮಿಲ್ಲದೆ, "ಎಷ್ಟ್ ಸೇದ್ದೆ?" ಅಂತ ಕೇಳಿದ. ಅಡಗಿಸಲು ಹೊತ್ತೇ ಇರಲಿಲ್ಲ. "ಒಂಬತ್ತು, ನಿನ್ನೆ," ಅಂದೆ. "ನಾನು ಹನ್ನೊಂದು ಬೀಡಿ," ಅಂದ ಅವನು.

ಆ ವಾರಗಳು ನನಗೆ ಕನಸಿನ ಹಾಗೆಯೇ ನೆನಪಿವೆ. ಕೈಕಾಲು ನಡುಗುತ್ತಿದ್ದವು, ಯಾರು ಮಾತಾಡಿದರೂ ಸಿಟ್ಟು. ನಿದ್ದೆಯಲ್ಲಿ ನಮ್ಮ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಸೇದುತ್ತಿದ್ದೆ, ಗೊಂಚಲುಗಳಿಂದ ಹೊಗೆ ಇಳಿಯುತ್ತಿತ್ತು. ಎದ್ದ ಮೇಲೆ ನಿಜಕ್ಕೂ ಸೇದಿಬಿಟ್ಟೆನೇನೋ ಅಂತ ಬೆರಳು ಮೂಸಿಕೊಳ್ಳುತ್ತಿದ್ದೆ. ಓದಿದ್ದರಲ್ಲಿ ಕೆಲಸಕ್ಕೆ ಬಂದದ್ದು ಸ್ವಲ್ಪವೇ. ಟೀ ಜೊತೆಗೆ ಸಿಗರೇಟು ನೆನಪಾಗುತ್ತೆ ಅಂತ ಟೀ ಬಿಟ್ಟು, ಊರಿಂದ ತಂದಿದ್ದ ರಾಗಿ ಹಿಟ್ಟಿನ ಗಂಜಿ ಕುಡಿದೆ. ಜಾಲಿ ಮರದ ದಾರಿ ಬಿಟ್ಟು ಸುತ್ತು ಹಾಕಿ ಹೋದೆ. ಬೆರಳಿಗೆ ಕೆಲಸ ಇರಲಿ ಅಂತ ಜೇಬಿನಲ್ಲಿ ಸಿಪ್ಪೆ ಸಮೇತ ಕಡಲೆಕಾಯಿ. ಆಸೆ ಎದ್ದಾಗ ಅದರ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಮಾಕಳಿದುರ್ಗದ ಕಡೆ ರೈಲ್ವೆ ಗೇಟು ಹಾಕಿದಾಗ ಏನು ಮಾಡುತ್ತೇವೆ? ಗಾಡಿ ಆಫ್ ಮಾಡಿ ನಿಲ್ಲುತ್ತೇವೆ. ಗೂಡ್ಸ್ ರೈಲು ಎಷ್ಟೇ ಉದ್ದ ಇದ್ದರೂ ಹೋಗಿಯೇ ಹೋಗುತ್ತದೆ. ಹಾಗೆ ನಿಂತೆ.

ದೊಡ್ಡಪ್ಪನಿಗೂ ಈ ಸಲ ಬಿಡಿಸಿ ಹೇಳಿದೆ, ಬೆಂಕಿ ಕೊಡಬೇಡ ಅಂತ. ಅವನು ಗಂಭೀರವಾಗಿ ತಲೆಯಾಡಿಸಿ ಬೆಂಕಿಪೊಟ್ಟಣವನ್ನು ಒಳಗಿನ ಕೋಟಿಗೆ ಹಾಕಿಕೊಂಡ. ದಿನಾ ನನ್ನ ಕಡಲೆಕಾಯಲ್ಲಿ ಪಾಲು ಕೇಳಿದ.

ಒಂದು ಬೆಳಗ್ಗೆ ಗಾಳಿಯಲ್ಲಿ ಏನೋ ಘಾಟು ಬಂತು. ಹಸಿ, ಚುರುಕು, ಸ್ವಲ್ಪ ಕಹಿ. ಎಲ್ಲಿಯದು ಅಂತ ಹುಡುಕುತ್ತಾ ಹೋದರೆ ನರ್ಸರಿಯ ಬಾಗಿಲು. ಟೊಮೆಟೊ ಎಲೆಯ ವಾಸನೆ. ಎರಡು ವರ್ಷ ಅದರ ನಡುವೆಯೇ ಇದ್ದು ನನಗೆ ಅದು ಬಂದಿರಲಿಲ್ಲ. ಒಳಗೆ ಹೋಗುವ ಹಾಗಿರಲಿಲ್ಲ. ಹುಳ ಬಾರದಂತೆ ಕಟ್ಟಿದ ಬಲೆಯ ಹೊರಗೆ ನಿಂತು, ಕಣ್ಣು ಮುಚ್ಚಿ, ಉಸಿರೆಳೆದುಕೊಂಡೆ.

ಆರನೇ ವಾರಕ್ಕೆ ದಿನದ ಲೆಕ್ಕ ಸೊನ್ನೆಗೆ ಬಂದಿತ್ತು. ಆದರೂ ಒಂದು ಸಲ ಎಡವಿದೆ. ಶೆಡ್ಡಿನಲ್ಲಿ ಯಾರದೋ ಹುಟ್ಟುಹಬ್ಬ, ಯಾರೋ ಪ್ಯಾಕೆಟ್ಟು ಚಾಚಿದರು, ತೆಗೆದುಕೊಂಡೆ. ಒಂದೇ. ಭಾನುವಾರ ಅಪ್ಪನಿಗೆ ಹೇಳಿದೆ. "ಬಿದ್ಯಾ? ಏಳು, ಇನ್ನೇನ್ ಮಾಡ್ತೀಯ," ಅಂದ.

ಎಂಟು ವಾರಕ್ಕೆ ಬೀಜ ಬಂತು. ಮ್ಯಾನೇಜರ್ ನನ್ನನ್ನು ಕರೆಸಿದರು. ಬೆರಳು ಮೂಸಲಿಲ್ಲ. ಕೇಳಿದರು, ಅಷ್ಟೇ.

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅವತ್ತೇ ಒಳಗೆ ಹೋಗುತ್ತಿದ್ದೆ.

"ಒಂದು ಸೇದಿದೆ. ಹನ್ನೊಂದು ದಿನದ ಹಿಂದೆ," ಅಂದೆ.

ಅವರು ಮೇಜಿನ ಡ್ರಾಯರ್ ಎಳೆದರು. ಆಮೇಲೆ ಒಂದು ಕಟ್ಟು ಚೀಟಿ, ಒಂದು ಪೆನ್ಸಿಲು ಕೊಟ್ಟರು. "ಈ ಬಿತ್ತನೆಗೆ ಚೀಟಿ ಬರಿ. ಬೀಜ ಮುಟ್ಟಬೇಡ. ಮುಂದಿನದು ನಿನ್ನದು."

ಬಾಗಿಲಾಚೆ ಬೆಂಚಿನ ಮೇಲೆ ಕೂತು ಸಂಜೆ ತನಕ ಬರೆದೆ. ತಳಿ, ತಾರೀಕು, ಟ್ರೇ ನಂಬರು. ಬಿತ್ತಿದವರು ಅನ್ನುವ ಕಡೆ ಬೇರೆಯವರ ಹೆಸರು. ಮನಸ್ಸು ಚುರುಚುರು ಅನ್ನುತ್ತಿತ್ತು, ಆದರೆ ಹೊಟ್ಟೆಯೊಳಗೆ ಅಡಗಿಸಿಟ್ಟದ್ದು ಏನೂ ಇರಲಿಲ್ಲ. ಅದೊಂದು ಹೊಸ ಥರದ ಹಗುರ.

ಮುಂದಿನ ಬಿತ್ತನೆ ಐದು ವಾರಕ್ಕೆ ಬಂತು. ಆ ಐದು ವಾರದಲ್ಲಿ ಒಂದೂ ಸೇದಲಿಲ್ಲ. ಬಾಗಿಲಲ್ಲಿ ಒಂದು ಬೋಗುಣಿ ಹಾಲಿಟ್ಟಿದ್ದರು. ನಂಜಾಣುವಿಗೆ ಹಾಲು ಆಗದು ಅಂತ ನರ್ಸರಿಗಳಲ್ಲಿ ಕೈ ಅದ್ದುವುದುಂಟು. ಮಣಿಕಟ್ಟಿನ ತನಕ ಅದ್ದಿ, ಒಳಗೆ ಹೋಗಿ, ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಬೆರಳಿಂದ ಕುಳಿ ಮಾಡಿ ದಪ್ಪ ಮೆಣಸಿನಕಾಯಿಯ ಮೊದಲ ಬೀಜ ಇಟ್ಟೆ. ಚೀಟಿಯಲ್ಲಿ ನನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಕನ್ನಡದಲ್ಲೂ ಬರೆದು, ಫೋಟೊ ತೆಗೆದು ಅಪ್ಪನಿಗೆ ಕಳಿಸಿದೆ.

ಭಾನುವಾರಕ್ಕೆ ಕಾಯದೆ ಅವತ್ತೇ ಫೋನು ಮಾಡಿದ.

"ಯಾವ್ ಕಾಯ್ಲಾ ಅದು? ಕೆಂಪೋ, ಹಳದಿಯೋ?"

"ಹಳದಿ, ಅಪ್ಪಾ."

"ಚೆನ್ನಾಗ್ ನೀರ್ ನೋಡ್ಕೋ," ಅಂದ. ಆಮೇಲೆ, ನಾನು ಕೇಳದೇ ಇದ್ದರೂ, "ನಂದು ಬೀಡಿ ನಾಲ್ಕಕ್ ಬಂದದೆ," ಅಂದ.