ಮೆರಲ್ ಆಂಟಿ ಎರಡನೆಯ ಸಲ ಕೇಳಲಿಲ್ಲ

ಮಿಚೆಲ್ಸ್ ಪ್ಲೇನ್ ಬಡಾವಣೆಯ ನಮ್ಮ ಬೀದಿಯಲ್ಲಿ, ಶಾಲೆಯ ಕೊನೆಯ ವರ್ಷದ ನೃತ್ಯಕೂಟಕ್ಕೆ ಹೊರಟ ಹುಡುಗಿಯರೆಲ್ಲ ಮೊದಲು ಮೆರಲ್ ಆಂಟಿಯ ಅಡುಗೆಮನೆಗೆ ತಲೆ ಒಪ್ಪಿಸಿದವರೇ. ಪಾತ್ರೆ ತೊಳೆಯುವ ಸಿಂಕಿನಲ್ಲೇ ತಲೆ ತೊಳೆಯುವುದು. ಒಲೆಯ ಮೇಲೆ ಬೀನ್ಸ್ ಮತ್ತು ಕುರಿಮಾಂಸದ ಸಾರು ಕುದಿಯುತ್ತಿರುವಾಗ, ಪಕ್ಕದ ಕುರ್ಚಿಯಲ್ಲಿ ಕೂತ ಹುಡುಗಿ ಗುಂಗುರು ನೆಟ್ಟಗೆ ಮಾಡುವ ಮುಲಾಮಿನ ಘಾಟಿಗೆ ಕಣ್ಣು ಉಜ್ಜಿಕೊಳ್ಳುವುದು. ಒಣಗಿಸಿ ನೇರ್ಪಡಿಸಿದ ಕೂದಲನ್ನು ತಲೆಯ ಸುತ್ತ ಬಿಗಿಯಾಗಿ ಸುತ್ತಿ, ಕತ್ತರಿಸಿದ ಹಳೆಯ ಸ್ಟಾಕಿಂಗ್ ಕಾಲುಚೀಲವನ್ನು ಟೋಪಿಯಂತೆ ಎಳೆದು ಹಾಕಿ ಆಂಟಿ ಹೇಳುತ್ತಿದ್ದಳು: "ನಾಳೆ ಕಾರು ಬರೋವರೆಗೂ ಇದನ್ನ ತೆಗೆದ್ಯೋ, ಕೂದಲು ಮನೆಗೆ ಹೋಗತ್ತೆ ನೋಡು!" ನೆಟ್ಟಗಾದ ಕೂದಲು ಮಂಜಿನ ತೇವಕ್ಕೆ ಮತ್ತೆ ಸುರುಳಿಗಟ್ಟುವುದಕ್ಕೆ ನಮ್ಮಲ್ಲಿ ಹಾಗೆಯೇ ಹೇಳುತ್ತಾರೆ. ಅದು ತನ್ನ ಮನೆಗೆ ಹೋಗುವುದನ್ನು ಅವಮಾನವೆಂದು ನಾವು ಯಾವಾಗ ಕಲಿತೆವೋ!

ಆಂಟಿ ಕಲಿತದ್ದು ತಾಯಿಯಿಂದ. ಬಿಳಿಯರ ಸರಕಾರ ಜನರನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದ ಕಾಲದಲ್ಲಿ ಅಧಿಕಾರಿಯೊಬ್ಬ ಆ ತಾಯಿಯ ತಲೆಯೊಳಗೆ ಪೆನ್ಸಿಲ್ ಸಿಕ್ಕಿಸಿ, ತಲೆ ಅಲ್ಲಾಡಿಸಲು ಹೇಳಿದ್ದನಂತೆ. ಪೆನ್ಸಿಲ್ ಜಾರಿ ಬಿದ್ದರೆ ಬಿಳಿಯರ ಪಟ್ಟಿಗೆ, ಗುಂಗುರಿನಲ್ಲಿ ಸಿಕ್ಕಿಕೊಂಡರೆ ಕೆಳಗಿನ ಪಟ್ಟಿಗೆ; ಅದು ಬೀಳಲಿಲ್ಲ. ಅಳತೆಯ ಸೋಗಿನಲ್ಲಿ ನಡೆದ ಅಷ್ಟು ಮೂರ್ಖತನದ ಪರೀಕ್ಷೆ ಬೇರೊಂದಿರಲಾರದು. ಆದರೂ ಕಾಯಿದೆ ಹೋದ ಮೇಲೆಯೂ ಪೆನ್ಸಿಲ್ ಮಾತ್ರ ಉಳಿಯಿತು. ನೃತ್ಯಕೂಟದ ಸಂಜೆ ಬಾಡಿಗೆಯ ಕಾರು ಬಂದು ನಿಂತಾಗ ಇಡೀ ಬೀದಿ ಹೊರಗೆ ಬರುತ್ತದೆ. ಶಿಳ್ಳೆ, ಚಪ್ಪಾಳೆ, ಮೊಬೈಲ್ ಫೋಟೋ. ಹೆಂಗಸರ ಕಣ್ಣು ಹೋಗುವುದು ಉಡುಪಿಗಲ್ಲ, ಹಣೆಯಂಚಿನ ಎಳೆಗೂದಲಿಗೆ. ಅಲ್ಲಿ ಸುರುಳಿ ಕಾಣದಿದ್ದರೆ ಎಲ್ಲರೂ ಆಂಟಿಯ ಕಡೆ ತಿರುಗಿ ತಲೆದೂಗುತ್ತಾರೆ. ಏಪ್ರನ್ನಿನ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಂಡು ಗೇಟಿನ ಬಳಿ ನಿಲ್ಲುವ ಆ ವಿಧವೆಗೆ, ಬದುಕು ಕೊಟ್ಟ ಮಾನವೆಂದರೆ ಅದೊಂದೇ.

ಆ ವರ್ಷದ ಸರದಿ ಪಕ್ಕದ ಮನೆಯ ಬರ್ನಡೀನಳ ಮಗಳು ಚೆಸ್ಲಿನ್‌ಳದು. ಆ ಮನೆಯಲ್ಲಿ ಶಾಲೆ ಮುಗಿಸುವ ಮೊದಲ ಜೀವ. ನೃತ್ಯಕೂಟದ ಹಿಂದಿನ ದಿನ ಮಧ್ಯಾಹ್ನ ಅವಳು ಸಿಂಕಿಗೆ ತಲೆಬಾಗಿಸಿದಳು. ಒದ್ದೆ ಕೂದಲಿನಲ್ಲಿ ಬೆರಳಾಡಿಸಿದ ಆಂಟಿಗೆ ಏನೋ ತಪ್ಪಿದಂತೆನಿಸಿತು. ಹುಟ್ಟಿದಂದಿನಿಂದ ಬಲ್ಲ ತಲೆ. ಆದರೆ ಎಳೆ ರಬ್ಬರಿನಂತೆ ಹಿಗ್ಗುತ್ತಿತ್ತು, ಬಿಟ್ಟರೆ ಹಿಂದಕ್ಕೆ ಬರುತ್ತಿರಲಿಲ್ಲ.

"ಏನೇ, ಬೇರೆ ಎಲ್ಲಾದ್ರೂ ತಲೆ ಕೊಟ್ಟಿದ್ಯಾ, ಏನಾದ್ರೂ ಹಚ್ಕೊಂಡಿದ್ಯಾ?"

"ಇಲ್ಲ ಆಂಟಿ."

ಆಂಟಿ ಒದ್ದೆ ಎಳೆಯನ್ನು ಇನ್ನೊಮ್ಮೆ ಎಳೆದು ನೋಡಿದಳು.

"ಆಂಟಿ, ನೀರು ಕಿವಿಗೆ ಹೋಗ್ತಿದೆ."

ಹುಡುಗಿ ಸುಳ್ಳಾಡಿದ್ದಳು. ಸಹಪಾಠಿಗಳು "ಸಾರಿನ ವಾಸನೆ ಬರೋ ಸಲೂನಾ?" ಎಂದು ನಕ್ಕದ್ದಕ್ಕೆ, ಹಿಂದಿನ ತಿಂಗಳು ಯಾರಿಗೂ ಹೇಳದೆ ಮಾಲ್‌ನ ಸಲೂನ್ ಅಂಗಡಿಯೊಂದರಲ್ಲಿ ಸುರುಳಿ ಸಡಿಲಿಸುವ ಔಷಧಿ ಹಾಕಿಸಿಕೊಂಡಿದ್ದಳು; ಅದನ್ನು ಅಮ್ಮನಿಗೆ ಹೇಳಲಾರದೆ ಈಗ ಇಲ್ಲಿಗೂ ಬಂದಿದ್ದಳು. ಕೂದಲಿನ ಆಕಾರವನ್ನು ಹಿಡಿದಿಡುವುದು ಅದರೊಳಗಿನ ಗಂಧಕದ ಕೊಂಡಿಗಳು. ಅಂಗಡಿಯವರ ಔಷಧಿ ಅವನ್ನು ಒಂದು ಬಗೆಯಲ್ಲಿ ಬಿಚ್ಚುತ್ತದೆ, ಆಂಟಿಯ ಕ್ಷಾರದ ಮುಲಾಮು ಇನ್ನೊಂದು ಬಗೆಯಲ್ಲಿ. ಒಂದರ ಮೇಲೊಂದು ಬಿದ್ದರೆ ಕೂದಲೇ ಉಳಿಯುವುದಿಲ್ಲ.

ಆಂಟಿಗೆ ಈ ರಸಾಯನ ಗೊತ್ತಿರಲಿಲ್ಲ. ಆದರೆ ಮಾಡಬೇಕಾದದ್ದು ಗೊತ್ತಿತ್ತು. ಅನುಮಾನ ಬಂದಾಗಲೆಲ್ಲ ಅವಳು ಕತ್ತಿನ ಬಳಿ ಒಂದು ಎಳೆಕಟ್ಟು ಕತ್ತರಿಸಿ, ಬಟ್ಟಲಿನಲ್ಲಿ ಮುಲಾಮು ಸವರಿ, ಚಹಾ ಕುಡಿಯುವಷ್ಟು ಹೊತ್ತು ಕಾಯುತ್ತಿದ್ದಳು. ಅಂದು ಕತ್ತರಿಯನ್ನು ಕೈಗೆತ್ತಿಕೊಂಡಳು, ಮತ್ತೆ ಕೆಳಗಿಟ್ಟಳು. ಪರೀಕ್ಷೆಯೆಂದರೆ ನಮ್ಮ ನಂಬಿಕೆಗೆ ಸೋಲುವ ಅವಕಾಶ ಕೊಡುವುದು. ಬಟ್ಟಲಿನಲ್ಲಿ ಎಳೆ ಕರಗಿದ್ದರೆ, ತನ್ನ ಕೈಯಲ್ಲೇ ಬೆಳೆದ ಹುಡುಗಿ ತನ್ನನ್ನು ಬಿಟ್ಟು ಬೇರೆ ಕೈಗೆ ಹೋಗಿದ್ದಾಳೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಅದನ್ನು ತಿಳಿಯುವುದು ಅವಳಿಗೆ ಬೇಡವಾಗಿತ್ತು. ಅವಳು ಮುಲಾಮು ಹಚ್ಚಿದಳು.

ತೊಳೆಯುವಾಗ ನೀರಿನೊಂದಿಗೆ ಕೂದಲೂ ಬಂತು. ಮೊದಲು ನೆತ್ತಿಯದು, ಆಮೇಲೆ ಕಿವಿಯ ಮೇಲಿನದು. ಸಿಂಕಿನ ಬಾಯಿ ಕಟ್ಟಿಕೊಂಡಿತು. ತಲೆಯೆತ್ತದೆಯೇ ಹುಡುಗಿ ಸಿಂಕಿನೊಳಗಿನಿಂದ ಹೇಳಿದಳು:

"ಮಾಲ್‌ನಲ್ಲಿ ಹಾಕಿಸ್ಕೊಂಡಿದ್ದೆ ಆಂಟಿ. ಅಮ್ಮಂಗೆ ಹೇಳ್ಬೇಡಿ."

"ಗೊತ್ತಿತ್ತು" ಎಂದಳು ಆಂಟಿ.

ನೀರು ಸುರಿಯುತ್ತಲೇ ಇತ್ತು. ಆ ಮಾತಿನ ತೂಕ ಇಬ್ಬರಿಗೂ ತಟ್ಟಿತು. ಹುಡುಗಿ ಮೆಲ್ಲಗೆ ಕೇಳಿದಳು: "ಗೊತ್ತಿದ್ದೂ ಹಚ್ಚಿದ್ರಾ?"

ಆಂಟಿ ತನ್ನ ಸತ್ತ ಗಂಡನ ಕ್ಷೌರದ ಯಂತ್ರ ಹುಡುಕಿ ತಂದು, ಅಲ್ಲಲ್ಲಿ ಉಳಿದ ಕೂದಲನ್ನೆಲ್ಲ ಬೆರಳಗಲಕ್ಕೆ ಸಮನಾಗಿ ಕತ್ತರಿಸಿದಳು. ಬರ್ನಡೀನ್ ಬಂದು ನೋಡಿ ಎದೆಗೆ ಕೈಯಿಟ್ಟುಕೊಂಡಳು. "ಮುಲಾಮು ಕೈಕೊಟ್ಟಿತು" ಎಂದಷ್ಟೇ ಆಂಟಿ ಹೇಳಿದಳು. ಬರ್ನಡೀನ್ ಗಟ್ಟಿಗಿತ್ತಿ; ಮರುದಿನ ಬೆಳಿಗ್ಗೆಯೇ ಬೀದಿಯಲ್ಲೆಲ್ಲ ಸಾರಿಬಂದಳು, "ಈ ಸಲ ಹೊಸ ಸ್ಟೈಲು, ನೋಡ್ತಿರಿ!"

ಸಂಜೆ ಕಾರು ಬಂತು. ಕಡುಹಸಿರು ಉಡುಪಿನಲ್ಲಿ, ತುಂಡುಗೂದಲಿನ ಚೆಸ್ಲಿನ್ ಹೊಸ್ತಿಲು ದಾಟಿದಾಗ ಬೀದಿಯ ಕಣ್ಣೆಲ್ಲ ಅವಳ ತಲೆಗೆ ಹೋಯಿತು. ಆಮೇಲೆ ಶಿಳ್ಳೆಗಳ ಮಳೆ. ಉದ್ದನೆಯ ಕತ್ತು, ದೊಡ್ಡ ಕಣ್ಣು, ಎಲ್ಲವೂ ಮೊದಲ ಬಾರಿಗೆ ಕಂಡಂತಿತ್ತು. ಆಂಟಿ ಮಾತ್ರ ಗೇಟಿನ ಬಳಿ ಇರಲಿಲ್ಲ. ತನ್ನ ಬಾಗಿಲ ಹಿಂದೆ ನಿಂತಿದ್ದಳು. ಎದುರುಮನೆಯ ಗಾವಾ ಬಿಡಲಿಲ್ಲ, ಕೈಹಿಡಿದು ಎಳೆದು ತಂದಳು.

"ಮೆರಲ್, ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಈ ಕೈಚಳಕಾನ? ಮುಂದಿನ ವರ್ಷ ನನ್ನ ಮಗಳಿಗೂ ಹೀಗೇ ಕತ್ತರಿಸ್ಬೇಕು, ಈಗ್ಲೇ ಹೇಳಿರ್ತೀನಿ. ನನಗೂ ಕತ್ತರಿಸ್ತೀಯೇನೇ, ಗಂಡ ಗುರುತು ಹಿಡೀದಿದ್ರೆ ಇನ್ನೂ ಒಳ್ಳೇದು!"

ಎಲ್ಲರೂ ನಕ್ಕರು. ಎಲ್ಲರೂ ಆಂಟಿಯ ಕಡೆ ತಿರುಗಿ ತಲೆದೂಗಿದರು. ಆಂಟಿಯ ಮುಖ ಕಿವಿಯವರೆಗೂ ಕಾದು ಕೆಂಪಾಯಿತು. ಕಾರಿನ ಬಾಗಿಲು ಹಿಡಿದು ನಿಂತಿದ್ದ ಚೆಸ್ಲಿನ್ ಅವಳನ್ನೇ ನೋಡುತ್ತಿದ್ದಳು. ಹೇಳಬೇಡಿ ಎಂಬ ಬೇಡಿಕೆ ಆ ಕಣ್ಣಲ್ಲಿತ್ತು.

"ಸ್ಟೈಲಲ್ಲ ಗಾವಾ," ಎಂದಳು ಆಂಟಿ. "ಸುಟ್ಟೆ. ಮಗು ಕೂದಲು ಸುಟ್ಟುಹಾಕ್ದೆ. ಮೊದಲು ಒಂದೆಳೆ ನೋಡ್ಬೇಕಿತ್ತು, ನೋಡ್ಲಿಲ್ಲ. ಬೆರಳು ಹೇಳ್ತಿತ್ತು, ನಾನು ಕೇಳ್ಲಿಲ್ಲ."

ಮಾಲ್‌ನ ಮಾತು ಅವಳ ಬಾಯಿಂದ ಬರಲಿಲ್ಲ. ಶಿಳ್ಳೆ ಹಾಕುತ್ತಿದ್ದ ಹುಡುಗರು ಬೆರಳನ್ನು ಬಾಯಿಂದ ತೆಗೆದರು. ಚೆಸ್ಲಿನ್ ತಲೆತಗ್ಗಿಸಿ ಕಾರಿನೊಳಗೆ ಕೂತಳು. ಕಾರು ಹೊರಟುಹೋಯಿತು.

ಆಮೇಲೆ ಆ ಅಡುಗೆಮನೆಗೆ ಬರುವವರು ಕಡಿಮೆಯಾದರು. ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆಂಬ ಮಾತನ್ನು ನಾನು ನಂಬುವುದಿಲ್ಲ. ಆಂಟಿಯ ಮನಸ್ಸಂತೂ ಹಗುರಾದದ್ದು ಕಾಣಲಿಲ್ಲ. ಅಂಗಡಿಗೆ ಹೋಗುವಾಗ ಬರ್ನಡೀನಳ ಮನೆಯ ಮುಂದೆ ಹಾಯದೆ ಸುತ್ತು ದಾರಿ ಹಿಡಿಯುತ್ತಿದ್ದಳು.

ಚಳಿಗಾಲದ ಒಂದು ಬೆಳಿಗ್ಗೆ ಚೆಸ್ಲಿನ್ ಟವೆಲ್ ಹಿಡಿದು ಹಿಂಬಾಗಿಲಲ್ಲಿ ನಿಂತಿದ್ದಳು. ತಲೆಯ ತುಂಬ ಒತ್ತೊತ್ತಾದ ಸಣ್ಣ ಸುರುಳಿಗಳು.

"ಬರೀ ತೊಳೆದ್ರೆ ಸಾಕು ಆಂಟಿ."

ಅವಳು ಸಿಂಕಿಗೆ ತಲೆಬಾಗಿಸಿದಳು. ಆಂಟಿಯ ಕೈ ಅದನ್ನು ಮುಟ್ಟಲು ಸ್ವಲ್ಪ ಹೊತ್ತು ಹಿಂಜರಿಯಿತು. ಆಮೇಲೆ ಒಂದೆಳೆಯನ್ನು ಎಳೆದು, ಬಿಟ್ಟಳು. ಅದು ಪಟ್ಟನೆ ಹಿಂದಕ್ಕೆ ಸುತ್ತಿಕೊಂಡಿತು.

"ಏನೂ ಹಚ್ಚಿಲ್ಲ ತಾನೆ?"

"ಇಲ್ಲ ಆಂಟಿ."

ಬೆರಳೂ ಅದನ್ನೇ ಹೇಳುತ್ತಿತ್ತು. ಆದರೂ ಆಂಟಿ ನಲ್ಲಿಯನ್ನು ನಿಲ್ಲಿಸಿ, ಇನ್ನೊಂದು ಸಲ ಕೇಳಿದಳು.